ಕಪ್ಪು ಹಕ್ಕಿ, ಎರಡು ಗಂಟೆಗೆ

“ಹನ್ನೊಂದು ಗಂಟೆಗೆ ನೋಡಿ, ಜೋಡಿ ಹಕ್ಕಿ. ನೀರಿಗೆ ತಾಗಿಕೊಂಡೇ ಹೋಗ್ತಿವೆ,” ಎಂದು ದೋಣಿಯ ಹಿಂಬದಿಯಿಂದ ಅವಳು ಕೂಗಿದಳು. ಪ್ರಯಾಣಿಕರು ಬೈನಾಕ್ಯುಲರ್ ಎತ್ತಿಕೊಂಡು ಎಡಕ್ಕೆ ವಾಲಿದರು. ಚುಕ್ಕಾಣಿ ಹಿಡಿದಿದ್ದ ಅವಳ ಗಂಡ ದೋಣಿಯನ್ನು ಅತ್ತ ಒಂದಿಷ್ಟು ಹೊರಳಿಸಿದ.

ನಡುಗಡಲಿನಲ್ಲಿ ಗುರುತು ಹೇಳಲು ಮರವಿಲ್ಲ, ಗೋಡೆಯಿಲ್ಲ. ಅದಕ್ಕೇ ಹಕ್ಕಿ ನೋಡುವವರು ದೋಣಿಯನ್ನೇ ಗಡಿಯಾರದ ಮುಖವೆಂದು ಎಣಿಸುತ್ತಾರೆ. ಮೂತಿ ಹನ್ನೆರಡು, ಬಲಗಡೆ ಮೂರು, ಹಿಂಬದಿ ಆರು, ಎಡಗಡೆ ಒಂಬತ್ತು. ಲೆಕ್ಕ ಸುಲಭ. ಆದರೆ ಅವಳು ನಿಲ್ಲುತ್ತಿದ್ದುದು ಆರರಲ್ಲಿ, ಹಿಂದಕ್ಕೆ ಮುಖ ಮಾಡಿ, ಮೀನಿನ ಕರುಳಿನ ಬಕೆಟ್ಟನ್ನು ಕಾಲಬಳಿ ಇಟ್ಟುಕೊಂಡು. ಕರುಳನ್ನು ಹಿಡಿಹಿಡಿಯಾಗಿ ಎಸೆಯುತ್ತ ಹೋದರೆ ನೀರಿನ ಮೇಲೆ ಜಿಡ್ಡು ಹರಡುತ್ತದೆ. ಆ ವಾಸನೆ ಹಿಡಿದು ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ. ಹಾಗೆ ಬೆನ್ನು ತಿರುಗಿಸಿ ನಿಂತವಳು ಬಾಯಿ ತೆರೆಯುವ ಮೊದಲು ಪ್ರತಿ ಸಲವೂ ತನ್ನ ಎಡವನ್ನು ಬಲ ಮಾಡಿಕೊಳ್ಳಬೇಕಿತ್ತು.

ಪ್ರಯಾಣಿಕರಿಗೆ ತಿಳಿಯದ ಲೆಕ್ಕ ಇನ್ನೊಂದಿತ್ತು. ಗಂಡನ ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಬಂದರಿನ ಕಚೇರಿಗೆ ಗೊತ್ತಾದರೆ ದೋಣಿ ನಡೆಸುವ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ಈ ಮನುಷ್ಯ ಮನೆಯ ಮೂಲೆಯಲ್ಲಿ ಹೇಗೆ ಕುಳಿತಾನೆಂಬುದು ಅವಳ ಊಹೆಗೆ ನಿಲುಕುತ್ತಿರಲಿಲ್ಲ. ಆದ್ದರಿಂದ ಅವಳ ಬಾಯಿಯೇ ಅವನ ಕಣ್ಣಾಯಿತು. ಹಕ್ಕಿ ಎಂದರೆ ಹಕ್ಕಿ, ಅತ್ತ ಹೋಗು. ಕಪ್ಪು ಹಕ್ಕಿ ಎಂದರೆ ಬಲೆಯ ಬೆಂಡು, ತೇಲುವ ದಿಮ್ಮಿ, ಬೇರೆ ದೋಣಿ, ಅತ್ತ ಹೋಗಬೇಡ.

“ನಿಮ್ಮ ಕಪ್ಪು ಹಕ್ಕಿಗೆ ನನ್ನ ಮೇಲೆ ಏನೋ ಸಿಟ್ಟಿದೆ,” ಎಂದ ಕ್ಯಾಮೆರಾದವನು. ಅವನು ಈ ದೋಣಿಗೆ ಹಳಬ. “ಬಂದಾಗಲೆಲ್ಲ ಕೂಗ್ತೀರಿ, ತಿರುಗಿ ನೋಡೋದ್ರಲ್ಲಿ ಮಾಯ.”

“ಮುಳುಗಿಬಿಡತ್ತೆ,” ಎಂದಳು ಅವಳು.

“ನಾಚಿಕೆ ಜಾಸ್ತಿ ಅದಕ್ಕೆ,” ಎಂದು ಗಂಡ ಮುಂದಿನಿಂದ ದನಿಗೂಡಿಸಿದ. “ನಮ್ಮ ಮನೆಯವಳಿಗೆ ಮಾತ್ರ ಕಾಣಿಸೋದು. ನನಗೇ ಇನ್ನೂ ದರ್ಶನ ಕೊಟ್ಟಿಲ್ಲ ನೋಡಿ.”

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಬೆಳಗಿನಿಂದ ಎಸೆದೆಸೆದು ರಟ್ಟೆ ಬಿದ್ದುಹೋಗಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಬ್ಬರ ಪಾಲಿನದನ್ನು ಒಬ್ಬಳೇ ನೋಡುವುದೆಂದರೆ ಅದು ಮೈಯ ದಣಿವಲ್ಲ. ರಾತ್ರಿ ಮಲಗಿದರೂ ಅದು ಇಳಿಯುತ್ತಿರಲಿಲ್ಲ.

ಅವಳು ಕತ್ತು ಹೊರಳಿಸಿ ಮುಂದೆ ನೋಡಿದಳು. ಎಡಗಡೆ, ಅಲೆಗಳ ನಡುವೆ ಬಲೆಯ ಬೆಂಡುಗಳ ಸಾಲು. ಮತ್ತೆ ಬಕೆಟ್ಟಿನ ಕಡೆ ತಿರುಗಿ ಕೈ ಅದ್ದಿದಳು. ಈಗ ಬೆಂಡುಗಳು ಅವಳ ಬಲಕ್ಕಿದ್ದವು.

“ಕಪ್ಪು ಹಕ್ಕಿ, ಎರಡು ಗಂಟೆಗೆ,” ಎಂದಳು.

ಪ್ರಯಾಣಿಕರು ಬಲಕ್ಕೆ ನುಗ್ಗಿದರು. ಹಿಂದೆ ನೀರಿನ ಮೇಲೆ ದೋಣಿ ಬಿಟ್ಟುಬಂದ ಬಿಳಿ ನೊರೆಯ ಗೆರೆ ನಿಧಾನವಾಗಿ ಬಾಗತೊಡಗಿತು. ಅದು ಬಾಗಬಾರದ ಕಡೆಗೆ ಬಾಗುತ್ತಿದೆ ಎಂದು ಅವಳಿಗೆ ಅರಿವಾಯಿತು. ತನ್ನ ಬಲವನ್ನು ಎಡ ಮಾಡಿಕೊಳ್ಳಲು ಅವಳು ಮರೆತಿದ್ದಳು; ಹತ್ತು ಗಂಟೆಗೆ ಎನ್ನಬೇಕಿತ್ತು. ಗಂಡ ಇಲ್ಲದ ಅಡ್ಡಿಯನ್ನು ತಪ್ಪಿಸಿ ಇರುವ ಬಲೆಯ ಮೇಲೇ ದೋಣಿಯನ್ನು ಒಯ್ಯುತ್ತಿದ್ದ.

“ರೀ, ಎಂಜಿನ್ ನಿಲ್ಸಿ. ಬಲೆ, ಬಲೆ!”

ಎಂಜಿನ್ ನಿಂತಿತು. ಮೊದಲ ಬೆಂಡು ದೋಣಿಯ ಪಕ್ಕೆಗೆ ಟಕ್ಕೆಂದು ಬಡಿಯಿತು, ಅದರ ಹಿಂದೆ ಎರಡನೆಯದು. ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿರಲಿಲ್ಲ. ಅವಳು ಗಳ ತೆಗೆದು, ಹಗ್ಗವನ್ನು ಒತ್ತಿ ದೂರ ಸರಿಸಿದಳು.

“ಇಷ್ಟು ದಪ್ಪದ ಬೆಂಡು ಕಾಣ್ಲಿಲ್ವಾ, ಕ್ಯಾಪ್ಟನ್?” ಎಂದ ಕ್ಯಾಮೆರಾದವನು.

“ಇವಳು ಎರಡು ಅಂದ್ಳು, ನಾನು ಎಡಕ್ಕೆ ತಿರುಗಿಸ್ದೆ,” ಎಂದುಬಿಟ್ಟ ಗಂಡ.

ಬಿಸಿಲುಟೋಪಿಯ ಹಿರಿಯ ಹೆಂಗಸೊಬ್ಬಳು, ಕೆಲಸದಿಂದ ನಿವೃತ್ತಳಾದ ಟೀಚರು, ಬೈನಾಕ್ಯುಲರ್ ಇಳಿಸಿದಳು. “ಎರಡು ಗಂಟೆಗೆ ಹಕ್ಕಿ ಇದೆ ಅಂತಲ್ಲವಾ ಅವರು ಹೇಳಿದ್ದು? ಹಾಗಿದ್ದರೆ ನೀವು ಅದನ್ನು ಬಿಟ್ಟು ಈ ಕಡೆ ಯಾಕೆ ಬಂದಿರಿ?”

ಹೆಂಡತಿಯ ನಾಲಗೆಯ ತುದಿಯಲ್ಲಿ ಸುಳ್ಳೊಂದು ಸಿದ್ಧವಾಗಿಯೇ ಇತ್ತು. ಅದನ್ನು ಹೇಳುವ ತ್ರಾಣ ಇರಲಿಲ್ಲ.

“ಕಪ್ಪು ಹಕ್ಕಿ ಅನ್ನೋದು ಯಾವತ್ತೂ ಇರ್ಲಿಲ್ಲ, ಟೀಚರೇ. ಇವರಿಗೆ ಕಣ್ಣು ಕಾಣಲ್ಲ.”

“ಸ್ವಲ್ಪ ಕಾಣತ್ತೆ,” ಎಂದ ಗಂಡ.

“ಸ್ವಲ್ಪ ಅಂದ್ರೆ?” ಎಂದಳು ಟೀಚರು.

“ಬೆಳಕು.”

“ನಮ್ಮನ್ನೆಲ್ಲ ಕೂರಿಸ್ಕೊಂಡು…” ಎಂದು ಶುರು ಮಾಡಿದ ಕ್ಯಾಮೆರಾದವನನ್ನು ಟೀಚರು ಕೈ ಎತ್ತಿ ತಡೆದಳು. ದೋಣಿ ತೂಗುತ್ತಿತ್ತು.

ಹೆಂಡತಿ ಕೈಯನ್ನು ಸೋಪು ಹಚ್ಚಿ ತೊಳೆದಳು, ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. “ಏಳಿ. ದಡಕ್ಕೆ ನಾನು ಒಯ್ತೀನಿ.”

“ನಿಂಗೆ ಬರುತ್ತಾ?”

“ಇಷ್ಟು ದಿನ ಮತ್ತೆ ಇನ್ನೇನು ಮಾಡ್ತಿದ್ದೆ?”

ಅವನು ಎದ್ದ. ಚುಕ್ಕಾಣಿಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ಬೈಗುಳವೊಂದು ಬರುತ್ತದೆಂದು ಅವಳು ಕಾದಳು.

“ದಡ ಮುಟ್ಟಿದ ಮೇಲೆ ಕಚೇರಿಗೆ ಹೇಳ್ತೀಯಾ?”

“ನಾನು ಹೇಳಲ್ಲ. ನೀವೇ ಹೇಳ್ಬೇಕು.”

“ಅಲೆ ಎಳೆದಾಗ ಬಿಗಿಯಾಗಿ ಹಿಡೀಬೇಡ,” ಎಂದ ಅವನು. “ಒಂಚೂರು ಬಿಡು. ತಾನಾಗೇ ವಾಪಸ್ ಬರುತ್ತೆ.” ಕೈ ತೆಗೆದು, ಕಂಬ ತಡವಿಕೊಂಡು ಪ್ರಯಾಣಿಕರ ಬೆಂಚಿನತ್ತ ನಡೆದ. ಟೀಚರು ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಅವನಿಗೆ ಜಾಗ ಮಾಡಿದಳು.

ಅಷ್ಟರಲ್ಲಿ, ನಿಂತ ದೋಣಿಯ ಸುತ್ತ ಹಬ್ಬಿದ್ದ ಜಿಡ್ಡಿಗೆ ಪುಟ್ಟ ಹಕ್ಕಿಗಳು ಬಂದಿದ್ದವು. ಅಂಗೈಯಗಲದವು, ಬೂದುಬಣ್ಣದವು, ರೆಕ್ಕೆ ಅಗಲಿಸಿಕೊಂಡು, ಸಣ್ಣ ಕಾಲುಗಳಿಂದ ನೀರನ್ನು ತಟ್ಟುತ್ತ, ಅಲೆಯ ಮೇಲೆ ನಡೆಯುವಂತೆ ಸುಳಿದಾಡುತ್ತಿದ್ದವು. ಯಾರೂ ಕೂಗಲಿಲ್ಲ. ಕ್ಯಾಮೆರಾದವನು ಕ್ಯಾಮೆರಾ ಎತ್ತಲಿಲ್ಲ.

ಅವಳು ಎಂಜಿನ್ ಹಾಕಿದಳು. ಹಕ್ಕಿಗಳು ಒಮ್ಮೆಗೇ ಮೇಲೆದ್ದು, ದೋಣಿಯ ಪಕ್ಕದಲ್ಲಿ ಸ್ವಲ್ಪ ದೂರ ಜೊತೆಗೆ ಬಂದವು. ಬೆಂಚಿನ ಮೇಲಿದ್ದವರ ಮುಖಗಳೆಲ್ಲ ಮೆಲ್ಲನೆ ಅತ್ತ ಹೊರಳಿದವು. ಅವರ ನಡುವೆ ಕೈಕಟ್ಟಿ ಕುಳಿತಿದ್ದ ಅವನು, ಟೀಚರ ಭುಜ ಎತ್ತ ಸರಿಯಿತೋ ಅತ್ತ, ತನ್ನ ಮುಖವನ್ನೂ ತಿರುಗಿಸಿದ.