ಬಾಗಿಲಲ್ಲಿ ಹೇಳಿದ ಸುಳ್ಳು

ಗಂಡ ರೆಜಿಸನ ಕಾಲರಿನ ಗುಂಡಿ ಹಾಕಲು ಇವೆತ್ ಮೂರನೆಯ ಸಲ ಶವಪೆಟ್ಟಿಗೆಯ ಮೇಲೆ ಬಾಗಿದಳು. ಕುತ್ತಿಗೆ ಊದಿಕೊಂಡಿತ್ತು, ಗುಂಡಿ ಕೂರಲಿಲ್ಲ.

“ಬಿಡು ಇವೆತ್, ಪಾಠಕ್ಕೆ ಹೋಗುವಾಗ್ಲೂ ಅವನು ಅದನ್ನ ಹಾಕ್ತಿರಲಿಲ್ಲ,” ಎಂದಳು ರೆಜಿಸನ ಅಕ್ಕ ಜೆರ್ಮೆನ್.

ರೆಜಿಸ್ ಫಾಬ್ರೆಗ್ ಓರಿಯಾಕ್ ಊರಿನ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕೊನೆಯ ತರಗತಿಗೆ ತತ್ವಶಾಸ್ತ್ರ ಕಲಿಸಿದವನು. ಹದಿನೇಳರ ಹರೆಯದವರು, ಅರ್ಧ ಜನಕ್ಕೆ ನಿದ್ದೆ, ಉಳಿದವರಿಗೆ ಪರೀಕ್ಷೆಯ ಭಯ. ಸ್ಮಶಾನಕ್ಕೆ ಬಂದವರಲ್ಲಿ ಹೆಚ್ಚಿನವರು ಅವರೇ, ಈಗ ತಲೆ ನರೆತವರು. ಪಾದ್ರಿ ಬೇಡವೆಂದು ಅವನೇ ಬರೆದಿಟ್ಟಿದ್ದರಿಂದ ಯಾರು ಮಾತಾಡಬೇಕೆಂದು ತಿಳಿಯದೆ ಎಲ್ಲರೂ ಬೂಟು ನೋಡಿಕೊಂಡು ನಿಂತರು. ಕೊನೆಗೆ ಛಾವಣಿ ಕೆಲಸದ ಮಾರ್ಸೆಲಾನ್ ಟೋಪಿ ತೆಗೆದ.

“ಮೇಷ್ಟ್ರು ವರ್ಷಪೂರ್ತಿ ‘ಹಾಗಂದ್ರೇನು?’ ಅಂತ ಕೇಳಿದ್ರು. ನಂಗೆ ಇವತ್ತಿಗೂ ಉತ್ತರ ಗೊತ್ತಿಲ್ಲ. ಆದ್ರೆ ಹೆಂಡ್ತಿ ಜೊತೆ ಜಗಳ ಆಡುವಾಗ ನಾನೂ ಅದನ್ನೇ ಕೇಳ್ತೀನಿ.”

ಜನ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಹಳೆಯ ವಿದ್ಯಾರ್ಥಿನಿ ನಾದೇಜ್ ನಗಲಿಲ್ಲ. ಲಿಯೋನಿನಲ್ಲಿ ಬಸ್ಸು ಓಡಿಸುವವಳು, ರಜೆ ಹಾಕಿ ಬಂದಿದ್ದಳು. ಅವಳ ಕಣ್ಣು ಗೇಟಿನ ಕಡೆಗಿತ್ತು. ಅಲ್ಲಿ ಊರುಗೋಲು ಹಿಡಿದು ಅವಳ ಅಪ್ಪ ಅಶಿಲ್ ಕುದೆರ್ ನಿಂತಿದ್ದ.

*

ನಲವತ್ತು ವರ್ಷಗಳ ಹಿಂದಿನ ಮಾತು. ಮನೆಯಲ್ಲಿ ಅಡಗಿದವನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳಬಾರದೇ ಎಂಬ ಪ್ರಶ್ನೆಗೆ ಆ ವಾರ ತರಗತಿಯೆಲ್ಲ ಉತ್ತರ ಬರೆದಿತ್ತು. ಸುಳ್ಳು ಹೇಳಲೇಬೇಕು ಎಂದು ನಾದೇಜ್ ಬರೆದಿದ್ದಳು. ರೆಜಿಸ್ ಇಪ್ಪತ್ತಕ್ಕೆ ಆರು ಕೊಟ್ಟಿದ್ದ. ಒಂದು ಸಲ ಸುಳ್ಳಿಗೆ ದಾರಿ ಬಿಟ್ಟರೆ ಮಾತಿಗೇ ಬೆಲೆಯಿಲ್ಲ ಎನ್ನುವುದು ಅವನ ವಾದ. ಬರೀ ಪಾಠವಲ್ಲ, ಇವೆತ್ ಮಾಡಿದ ಸಾರು ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳುವ ಮನುಷ್ಯ.

ಆ ಶನಿವಾರ ಅಪ್ಪನ ಏಟಿಗೆ ತುಟಿ ಒಡೆದುಕೊಂಡು ನಾದೇಜ್ ಮೇಷ್ಟ್ರ ಮನೆಗೆ ಬಂದಳು. ಅರ್ಧ ಗಂಟೆಯಲ್ಲಿ ಅಶಿಲ್ ಬಂದ. ದನದ ವ್ಯಾಪಾರಿ, ಬಾಗಿಲು ತುಂಬುವಷ್ಟು ಆಳು. ಮಗಳು ಇಲ್ಲಿದ್ದಾಳೆಯೇ ಎಂದು ಕೇಳಿದ. ಅಡುಗೆಮನೆಯಲ್ಲಿ ಇವೆತ್ ಹುಡುಗಿಯ ಕೈ ಹಿಡಿದು ಕೂತಿದ್ದಳು. ಗಂಡನ ಬಾಯಿಂದ ಏನು ಬರುತ್ತದೋ ಎಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಇಲ್ಲ,” ಎಂದಿತು ರೆಜಿಸನ ದನಿ.

ಅಶಿಲ್ ಅವನ ಮುಖ ನೋಡಿ, ಹೊರಟುಹೋದ. ಸೋಮವಾರ ನಾದೇಜಳನ್ನು ಲಿಯೋನಿನ ಚಿಕ್ಕಮ್ಮನ ಮನೆಗೆ ರೈಲು ಹತ್ತಿಸಿದರು. ಈಗಲಾದರೂ ಅಂಕ ಜಾಸ್ತಿ ಮಾಡ್ತೀರಾ ಎಂದು ಕಿಟಕಿಯಿಂದ ಅವಳು ಕೇಳಿದಳು.

“ಇಲ್ಲಮ್ಮ. ಸೋತಿದ್ದು ನಾನು. ನಿನ್ನ ವಾದ ಈಗಲೂ ಸಪ್ಪೆನೇ,” ಎಂದಿದ್ದ ರೆಜಿಸ್.

ಅನಂತರ ಆ ಪ್ರಶ್ನೆಯನ್ನು ಅವನು ತರಗತಿಯಲ್ಲಿ ಮತ್ತೆಂದೂ ಕೊಡಲಿಲ್ಲ.

*

ಪೆಟ್ಟಿಗೆ ಇಳಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿ ಸರಿದರು. ಅಶಿಲ್ ನಿಧಾನವಾಗಿ ಇವೆತ್‌ಳ ಬಳಿ ಬಂದ. ದೊಡ್ಡ ಮೈ ಕರಗಿ ಕೋಟು ಜೋತಾಡುತ್ತಿತ್ತು.

“ಆವತ್ತು ಅವಳು ಒಳಗಿದ್ಳಾ ಅಮ್ಮಾ?”

ಇವೆತ್ ನಾದೇಜಳನ್ನು ನೋಡಿದಳು. ಅವಳು ಹತ್ತು ಹೆಜ್ಜೆ ದೂರದಲ್ಲಿ ಕಲ್ಲಿನಂತೆ ನಿಂತಿದ್ದಳು.

“ಇದ್ಳು. ನನ್ನ ಪಕ್ಕದಲ್ಲೇ.”

“ಗೊತ್ತಿತ್ತು. ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸ ಇರಲಿಲ್ಲ. ಕಿವಿಯೆಲ್ಲ ಕೆಂಪಾಗಿತ್ತು.”

“ಗೊತ್ತಿದ್ದೂ ಹೋದ್ರಾ?”

ಮುದುಕ ಊರುಗೋಲಿನ ತುದಿ ನೋಡಿದ. “ಅಂಥ ಮನುಷ್ಯ ನನ್ನ ದೆಸೆಯಿಂದ ಸುಳ್ಳು ಹೇಳ್ಬೇಕಾಯ್ತಲ್ಲ. ನಾಚಿಕೆಯಾಯ್ತು.”

ಅವನು ಮಣ್ಣಿಗೆ ಬಗ್ಗಲು ನೋಡಿದ. ಮಂಡಿ ಮಡಚಲಿಲ್ಲ. ಇನ್ನೊಮ್ಮೆ ಬಗ್ಗಿದ, ಆಗಲಿಲ್ಲ. ಇವೆತ್ ಕೈ ಚಾಚುವ ಮೊದಲೇ ನಾದೇಜ್ ಬಂದು, ಬಗ್ಗಿ ಒಂದು ಹಿಡಿ ತೆಗೆದು, ಮುಖ ನೋಡದೆ ಅವನ ಅಂಗೈಗೆ ಹಾಕಿದಳು. ಅವನ ಬೆರಳುಗಳ ಸಂದಿನಿಂದ ಮಣ್ಣು ಇಬ್ಬರ ಬೂಟಿನ ಮೇಲೂ ಉದುರುತ್ತಿತ್ತು.