ನಟ್ಟನಡುವೆ ಒಂದು ಲೆಕ್ಕ

ಚಿಕ್ಕಲಸಂದ್ರದ ವಾರಿಜಾ ಮೇಡಂ ತಮ್ಮದೇ ಪಾಠವನ್ನು ತಮ್ಮನ ಮನೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಕೇಳಿದ ದಿನ ಅವರ ಮೈಯೆಲ್ಲ ಉರಿದುಹೋಯಿತು. ದನಿ ಅವರದ್ದೇ. ಶುರುವಿನಲ್ಲಿ ‘ನಾನು ವಾರಿಜಾ’ ಅಂದದ್ದು ಮಾತ್ರ ಮಾಯ. ಆ ಜಾಗದಲ್ಲಿ ತಮಟೆ ಬಡಿದ ಹಾಗೆ ‘ಚಕ್ರಪಾಣಿ ಅಕಾಡೆಮಿ ಅರ್ಪಿಸುವ’ ಅನ್ನೋ ಗಂಡುದನಿ.

ಕನ್ನಡ ಮೀಡಿಯಂನಿಂದ ಬಂದು ಪಿಯುಸಿ ಸೈನ್ಸಿನಲ್ಲಿ ಒದ್ದಾಡುವ ಮಕ್ಕಳಿಗಾಗಿ ಅವರು ಭೌತಶಾಸ್ತ್ರವನ್ನು ಕನ್ನಡದಲ್ಲೇ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಹಂಚುವ ಏರ್ಪಾಡು ಬನಶಂಕರಿಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಚಕ್ರಪಾಣಿಯದು. ಮೇಡಂ ತಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೆ ಫೈಲ್ ಹಾಕಿದರೆ ಸಾಕು, ಅದು ಇಂಟರ್ನೆಟ್ಟಿನಲ್ಲಿದ್ದ ಅವನ ಚಾನೆಲಿಗೆ ಹೋಗಿ, ಚಂದಾದಾರ ಮಕ್ಕಳ ಕಂಪ್ಯೂಟರಿಗೆ ತಾನೇ ಇಳಿದು, ಅಲ್ಲಿಂದ ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು. ದಾರಿಯಲ್ಲಿ ಪಾಠದ ತಲೆ, ಬಾಲ ಕತ್ತರಿಸಿ ತನ್ನ ಹೆಸರು ಅಂಟಿಸುವ ಪ್ರೋಗ್ರಾಮನ್ನೂ ಆ ಪುಣ್ಯಾತ್ಮ ಕೂರಿಸಿದ್ದ.

ಮೇಡಂ ಸೀದಾ ಸೆಂಟರಿಗೇ ಹೋಗಿ ನಿಂತರು.

“ನನ್ನ ಹೆಸರು ಯಾಕ್ರೀ ತೆಗೆದ್ರಿ? ಈಗ್ಲೇ ಹಾಕಿ.”

“ಹೋಗಿದ್ದು ಹೋಯ್ತು ಮೇಡಂ. ಎಲ್ಲಾರ ಕಂಪ್ಯೂಟರಲ್ಲೂ ಕೂತಿದೆ. ನಾನಿರ್ಲಿ, ನಮ್ಮಪ್ಪ ಬಂದ್ರೂ ವಾಪಸ್ ತರಕ್ಕಾಗಲ್ಲ.” ಚಕ್ರಪಾಣಿ ತಲೆ ಕೂಡ ಎತ್ತಲಿಲ್ಲ. “ನಿಮ್ಮ ಹೆಸ್ರು ಕೇಳ್ಕೊಂಡು ಯಾರು ಬರ್ತಾರೆ ಹೇಳಿ? ಸುಮ್ನೆ ಪಾಠ ಮಾಡ್ಕೊಂಡಿರಿ.”

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಮೈಕಿನ ಮುಂದೆ ಕೂತರು. ಈ ಸಲ ಹೆಸರು ತಲೆಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ಪಾಠದ ನಟ್ಟನಡುವೆ ಒಂದು ಲೆಕ್ಕ ಕೊಟ್ಟರು.

“ವಾರಿಜಾ ಅನ್ನೋ ನನ್ನ ಪಾಠಗಳನ್ನ ಕದ್ದ ಚಕ್ರಪಾಣಿ ಸೆಕೆಂಡಿಗೆ ನಾಲ್ಕು ಮೀಟರಿನ ಹಾಗೆ ಓಡ್ತಿದಾನೆ. ನೂರು ಮೀಟರ್ ಹಿಂದಿನಿಂದ ನಾನು ಒಂಬತ್ತು ಮೀಟರಿನ ಹಾಗೆ ಅಟ್ಟಿಸ್ಕೊಂಡು ಹೋಗ್ತಿದೀನಿ. ಅವನ ಕೊರಳಪಟ್ಟಿ ಎಷ್ಟು ಹೊತ್ತಿಗೆ ನನ್ನ ಕೈಗೆ ಸಿಗುತ್ತೆ? ಉತ್ತರ ನನಗೇ ಫೋನ್ ಮಾಡಿ ಹೇಳಿ.”

ನಂಬರನ್ನು ಎರಡು ಸಲ ಬಿಡಿಸಿ ಹೇಳಿ, ಫೈಲನ್ನು ಫೋಲ್ಡರಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಮೊದಲು ಬಂದದ್ದು ಚಕ್ರಪಾಣಿಯ ಫೋನು. “ಏನ್ರೀ ಇದು? ನನ್ ಮಾನ ಹೋಯ್ತು! ವಾಪಸ್ ತಗೊಳ್ರಿ ಅದನ್ನ!”

“ನಿಮ್ಮಪ್ಪನ್ನ ಕರ್ಕೊಂಡ್ಬನ್ನಿ, ನೋಡೋಣ,” ಎಂದು ಮೇಡಂ ಫೋನು ಕುಕ್ಕಿದರು.

ಅದು ಮತ್ತೆ ಬಡಿದುಕೊಂಡಿತು. ಅವನೇ ಇರಬೇಕೆಂದು ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಯಾರೋ ಹುಡುಗಿ, ಅಂಜಿಕೊಂಡು ಕೇಳುತ್ತಿದ್ದಳು.

“ವಾರಿಜಾ ಮೇಡಮ್ಮಾ? ಇಪ್ಪತ್ತು ಸೆಕೆಂಡ್ ಅಲ್ವಾ?”

ಮೇಡಂ ಕುರ್ಚಿ ಎಳೆದುಕೊಂಡು ಕೂತರು.

“ಸರಿ ಕಣಮ್ಮ. ಹೇಗೆ ಬಂತು, ಹೇಳು.”