ಇನ್ನೂರ ಹನ್ನೆರಡನೇ ಪೀಪಾಯಿ

ಗಾರ್ಲೆಂಡ್ ಟೆಬ್ಸ್ ವೇದಿಕೆ ಹತ್ತಿ, ಪ್ರಶಸ್ತಿಯನ್ನು ಎದೆಗವುಚಿಕೊಂಡು, "ಹನ್ನೊಂದನೇ ಮಿಶ್ರಣ ನನ್ನ ಮೂಗಿನ ಕೂಸು" ಅಂದಾಗ ವರ್ನಾ ಸ್ಟಾಂಬೋ ಕೊನೇ ಸಾಲಿನ ಅತಿಥಿಗಳಿಗೆ ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿ ಮೇಜಿನ ಮೇಲೆ ಹರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಇಪ್ಪತ್ತಾರು ವರ್ಷ ಆ ಭಟ್ಟಿಯಲ್ಲಿ ಬರ್ಬನ್ ವಿಸ್ಕಿ ಬೆರೆಸಿದವಳು ಅವಳು. ಯಾವ ಪೀಪಾಯಿ ಯಾವ ಗೋಡೆಯ ಪಕ್ಕ ಎಷ್ಟು ಬೇಸಿಗೆ ಕಂಡಿದೆ ಅನ್ನುವುದು ಅವಳಿಗೆ ಬಾಯಿಪಾಠ. ಈ ಗಾರ್ಲೆಂಡ್ ಯಾರು? ಯಜಮಾನರ ಅಳಿಯ. ಮೂರು ವರ್ಷದ ಹಿಂದೆ ಲೂಯಿವಿಲ್‌ನಲ್ಲಿ ಹಾಸಿಗೆ ಮಾರುತ್ತಿದ್ದವನು. ಮದುವೆಯಾದ, 'ಮುಖ್ಯ ಮಿಶ್ರಣಕಾರ' ಅಂತ ಕೋಟಿನ ಮೇಲೆ ಹೊಲಿಸಿಕೊಂಡ, ಮುಗಿಯಿತು! ಈಗ ಹೊಸ ಲೇಬಲ್ಲಿನ ಮೇಲೂ ಅವನದೇ ರುಜು.

ವರ್ನಾ ಬಾಯಿಬಿಟ್ಟು ಕೇಳಿಯೂ ನೋಡಿದಳು. "ಮೂಲೇಲಿ ಒಂದು ಸಾಲು ನನ್ನ ಹೆಸರೂ ಇರ್ಲಿ."

"ಅಯ್ಯೋ ಮಿಸ್ ವರ್ನಾ, ಇದೇನು ಚರ್ಚ್ ಊಟದ ಪಟ್ಟಿನಾ, ಸಹಾಯ ಮಾಡಿದೋರ ಹೆಸರೆಲ್ಲ ಹಾಕೋಕೆ?" ಅಂತ ಅವನು ಹಲ್ಲು ಕಿರಿದ.

ಸಹಾಯವಂತೆ, ಸಹಾಯ! ಹತ್ತು ಜನರೆದುರು ಇವನ ಮಾನ ಹೋಗಬೇಕು, ಇವನ ಬಾಯಿಂದಲೇ ನನ್ನ ಹೆಸರು ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ದಾರಿಯನ್ನು ಅವನೇ ತೋರಿಸಿಕೊಟ್ಟ. ಡರ್ಬಿ ಕುದುರೆ ಓಟದ ವಾರ ವಿಸ್ಕಿ ಸಂಗ್ರಾಹಕರ ಸಂಘ ಭಟ್ಟಿಗೆ ಬರುವುದಿತ್ತು. ಅವರ ಕಣ್ಣೆದುರೇ ಹನ್ನೆರಡನೇ ಮಿಶ್ರಣ ಮಾಡುತ್ತೇನೆ, ಹತ್ತಕ್ಕೆ ಒಂಬತ್ತು ಅಂಕ ಬಾರದ ಒಂದು ಪೀಪಾಯಿಯನ್ನೂ ಮುಟ್ಟುವುದಿಲ್ಲ ಅಂತ ಸಾರಿಬಿಟ್ಟ. ಮಂಗಳವಾರ ಅಂಕದ ಹಾಳೆ ಹಿಡಿದು ಗೋದಾಮಿಗೆ ಬಂದ. ಕೆಳಮಹಡಿಯ ಒದ್ದೆ ಗೋಡೆಯ ಪಕ್ಕದ ಇನ್ನೂರ ಹನ್ನೆರಡನೇ ಪೀಪಾಯಿಯಿಂದ ಒಂದು ಗುಟುಕು ಕುಡಿದವನೇ ಉಗುಳಿದ.

"ಥೂ! ಮರದ ತೊಗಟೆ ಅಗಿದಂಗಿದೆ. ನೆಂದ ಪೇಪರ್ ವಾಸನೆ ಬೇರೆ. ಹತ್ತೊಂಬತ್ತು ವರ್ಷ ಇದನ್ನ ಯಾವನು ಸಾಕಿದ್ದು?"

ಸಾಕಿದವಳು ವರ್ನಾ. ಉಪ್ಪನ್ನು ಬರಿದೇ ಬಾಯಿಗೆ ಹಾಕಿಕೊಂಡರೆ ಯಾರು ತಾನೇ ಉಗುಳುವುದಿಲ್ಲ? ಮಿಶ್ರಣಕ್ಕೆ ಆ ಕಹಿ ಒಂದು ಬಕೆಟ್ ಬೀಳದಿದ್ದರೆ ಉಳಿದ ಒಳ್ಳೆಯ ಪೀಪಾಯಿಗಳೆಲ್ಲ ಸೇರಿ ಬರೀ ಸಕ್ಕರೆ ಪಾಕ. ಅಂಥ ಇನ್ನೊಂದು ಪೀಪಾಯಿಗಾಗಿ ಅದೇ ಗೋಡೆಯ ಪಕ್ಕ ಮೂರು ಸಲ ಬೇರೆ ಪೀಪಾಯಿ ಇಟ್ಟು ನೋಡಿದ್ದಳು, ಆ ರುಚಿ ಬರಲಿಲ್ಲ. ಉಳಿದದ್ದು ಇದರಲ್ಲಿನ ಅರ್ಧ ಮಾತ್ರ.

"ಇದ್ರಿಂದ ಏನಾದ್ರೂ ಉಪಯೋಗ ಇದೆಯಾ?" ಅಂತ ಗಾರ್ಲೆಂಡ್ ಕೇಳಿದ.

ಇದೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಮೂಗು ತಮ್ದು ಸಾಹೇಬ್ರೇ," ಅಂದಳು ವರ್ನಾ. "ತಾವೇ ಹೇಳ್ಬೇಕು."

"ಚರಂಡಿಗೆ ಸುರೀರಿ," ಅಂದವನೇ ಕಾಗದದ ಮೇಲೆ ರುಜು ಗೀಚಿ ಹೋದ.

ಬೇರೆಯವರ ಕೈಗೆ ಕೊಡದೆ ತಾನೇ ಪೀಪಾಯಿ ಉರುಳಿಸಿ, ಬಿರಡೆ ಕಿತ್ತು, ಸುರಿದಳು. ಪಕ್ಕದ ಮನೆಯವನಿಗೆ ಅಪಶಕುನವಾಗಲಿ ಅಂತ ತನ್ನ ಮೂಗನ್ನು ತಾನೇ ಕೊಯ್ದುಕೊಂಡನಂತೆ ಒಬ್ಬ. ಆ ಹೊತ್ತಿನಲ್ಲಿ ಯಾರು ಆ ಗಾದೆ ಹೇಳಿದ್ದರೂ ಅವಳ ಕೈ ನಿಲ್ಲುತ್ತಿರಲಿಲ್ಲ. ಅಳು ಬಂತು, ಸುರಿಯುವುದನ್ನು ಮಾತ್ರ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ನಲವತ್ತು ಜನ ಸಂಗ್ರಾಹಕರು ಕೂತಿದ್ದರು. ಗಾರ್ಲೆಂಡ್ ಆರು ಪೀಪಾಯಿಗಳ ಮಾದರಿಗಳನ್ನು ಅಳೆದು, ಸುರಿದು, ಕಲಕಿ, ಎಲ್ಲರಿಗೂ ಹಂಚಿದ. ಜನ ಕುಡಿದರು. ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು.

ಮುಂದಿನ ಸಾಲಿನಲ್ಲಿ ಆರಿನ್ ಲಸ್ಬಿ ಇದ್ದ, ಕುದುರೆ ಡಾಕ್ಟರಾಗಿದ್ದು ನಿವೃತ್ತನಾದ ಮುದುಕ. ಮಿಕ್ಕವರು ಬಾಟಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಇವನು ಹನ್ನೊಂದು ಮಿಶ್ರಣಗಳನ್ನೂ ಕೊಂಡು, ಕುಡಿದು, ನೆನಪಿಟ್ಟುಕೊಂಡವನು.

"ಏನಪ್ಪಾ ಇದು," ಅಂದ ಲಸ್ಬಿ, "ಪ್ಯಾನ್‌ಕೇಕ್ ಮೇಲೆ ಸುರ್ಕೊಳೋದಾ?"

ಸಭೆ ಗೊಳ್ಳೆಂದಿತು. ಗಾರ್ಲೆಂಡ್ ಅದಕ್ಕಿಷ್ಟು ಇದಕ್ಕಿಷ್ಟು ಬೆರೆಸಿದ. ಇನ್ನೂ ಕೆಟ್ಟಿತು.

"ಹನ್ನೊಂದನೇದು ಮಾಡಿದ ಕೈ ಇದಲ್ಲ," ಅಂದ ಲಸ್ಬಿ. "ಆ ಕೈ ಯಾರದು, ಅದನ್ನ ಹೇಳು ಮೊದ್ಲು."

ಗಾರ್ಲೆಂಡನ ಕಾಲರು ಒದ್ದೆಯಾಗಿತ್ತು. "ಮಿಸ್ ವರ್ನಾ... ಒಂಚೂರು ಬನ್ನಿ, ಸರಿ ಮಾಡ್ಕೊಡಿ."

"ನಾನು ಬರೀ ಸಹಾಯ ಮಾಡೋಳು," ಅಂದಳು ವರ್ನಾ ಹಿಂದೆ ಕೂತಲ್ಲಿಂದಲೇ. "ಅವ್ರು ಕೇಳಿದ್ದಕ್ಕೆ ಉತ್ತರ ಕೊಡಿ."

"ವರ್ನಾ ಮಾಡಿದ್ದು."

"ಕೇಳಿಸ್ಲಿಲ್ಲ," ಅಂದಳು ವರ್ನಾ.

"ವರ್ನಾ ಮಾಡಿದ್ದು! ಹನ್ನೊಂದೂ ಅವರೇ ಮಾಡಿದ್ದು!"

ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಚಪ್ಪಾಳೆ ಬಿತ್ತು. ಅಬ್ಬಾ, ಎಂಥ ಸುಖ! ಇಪ್ಪತ್ತಾರು ವರ್ಷದಲ್ಲಿ ಅಂಥದ್ದೊಂದು ಗುಟುಕು ಅವಳ ಗಂಟಲಲ್ಲಿ ಇಳಿದಿರಲಿಲ್ಲ.

ಲಸ್ಬಿ ಎದ್ದು ಬಂದು ಅವಳ ಮುಂದೆ ಲೋಟ ಚಾಚಿದ. ಅವನ ಮುಖ ಅರಳಿತ್ತು. "ನೀನೇನಮ್ಮಾ ಅದು? ಹಾಗಾದ್ರೆ ಇದನ್ನ ಸರಿ ಮಾಡು."

"ಆಗಲ್ಲ. ಅದಕ್ಕೆ ಬೇಕಾಗಿದ್ದ ಪೀಪಾಯಿನ ಈ ಮಹಾನುಭಾವ ರುಜು ಹಾಕಿ ಚರಂಡಿಗೆ ಹಾಕ್ಸಿದಾನೆ."

"ನಾನು ಕೇಳಿದ್ನಲ್ರೀ!" ಅಂತ ಗಾರ್ಲೆಂಡ್ ಕಿರುಚಿದ. "ನೀವು ಹೇಳ್ಲೇ ಇಲ್ಲ!"

ಸಭೆ ಮತ್ತೆ ನಕ್ಕಿತು. ಲಸ್ಬಿ ನಗಲಿಲ್ಲ.

"ಸುರಿದೋರ್ಯಾರು?"

"ನಾನೇ."

"ಗೊತ್ತಿದ್ದೂ?"

"ಗೊತ್ತಿದ್ದೇ."

ಮುದುಕ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಅವನು ದಡ್ಡ. ದಡ್ಡನ ಕೈಲಿ ಹಾಳಾದ್ರೆ ಹಣೆಬರಹ ಅನ್ಕೋಬೋದು. ನಿಂಗೆ ಇವತ್ತು ಹೆಸರು ಸಿಕ್ತಮ್ಮಾ. ಆ ಹೆಸರು ಯಾವುದರ ಮೇಲೆ ಬರೀತೀಯಾ?" ಅಂದವನು ಟೋಪಿ ಹಾಕಿಕೊಂಡು ಬಾಗಿಲ ಕಡೆ ನಡೆದ.

ವೇದಿಕೆಯ ಮೇಲೆ ಗಾರ್ಲೆಂಡ್ ತಲೆ ತಗ್ಗಿಸಿ ನಿಂತಿದ್ದ. ವರ್ನಾ ಅದನ್ನು ಕಣ್ತುಂಬ ನೋಡಿದಳು. ಒಂದಿಷ್ಟು ಹಾಯೆನಿಸಿತು, ಅಷ್ಟು ಸಾಲಲಿಲ್ಲ.

"ಇನ್ನೊಂದು ಇದ್ದಿದ್ರೆ ಅದನ್ನೂ ಸುರೀತಿದ್ದೆ!" ಅಂತ ಕೂಗಿದಳು. ಆ ಹೊತ್ತಿಗೆ ಲಸ್ಬಿ ಬಾಗಿಲು ದಾಟಿದ್ದ.